ಬಿಳಿಯ ಕಣಗಳಿಗೆ ಅಂಕ

ಪುಟ್ಟೇನಹಳ್ಳಿ, ಯಲಹಂಕ
೮ ಜುಲೈ ೨೦೨೪, ಸೋಮವಾರ

ಪೂಜ್ಯ ರತ್ನಕ್ಕನ ಪಾದಗಳಿಗೆ ತಮ್ಮ ವಿರೂಪಾಕ್ಷನ ಶರಣಾರ್ಥಿಗಳು.

ಶಿವಕೃಪೆಯಿಂದ ನಾನೂ ಮಗಳು ಸ್ಮಿತಾಳೂ ಕ್ಷೇಮದಿಂದಿದ್ದೇವೆ. ಗುಳೇದಗುಡ್ಡದಲ್ಲಿ ನೀನೂ ಮಗ ಸೊಸೆಯರೂ ಸುಖವಾಗಿರುವಿರೆಂದು ನಂಬಿದ್ದೇನೆ. ಫೋನಿನಲ್ಲಿ ಮಾತನಾಡಿದರೆ ನಿನ್ನ ಕಿವಿಗೂ ನನ್ನ ಕಂಠಕ್ಕೂ ಏಕಕಾಲದಲ್ಲಿ ಶ್ರಮವಾಗುವುದರಿಂದ, ಮನೆಯವರೆಲ್ಲ ನಕ್ಕರೂ ನಮ್ಮಿಬ್ಬರಿಗೆ ಈ ಕಾಗದವೇ ಲೇಸು.

ನೀನು ಕಳಿಸಿದ ಪೊಟ್ಟಣ ಶುಕ್ರವಾರ ಕೈಸೇರಿತು. ನಮ್ಮೂರ ಮಠದ ಅಜ್ಜನ ಗದ್ದುಗೆಯ ಪ್ರಸಾದವನ್ನು ಎಂದಿನಂತೆ ಲಿಂಗಪೂಜೆಯ ತರುವಾಯ ಒಂದು ಚಿಟಿಕೆ ಜೇನಿನಲ್ಲಿ ಕಲಸಿ ಸ್ವೀಕರಿಸುತ್ತಿದ್ದೇನೆ. ನಾಲ್ಕು ವರ್ಷಗಳಿಂದ ಇದು ನಡೆದಿದೆಯಾದರೂ ಈಚಿನ ಎರಡು ವರ್ಷಗಳಲ್ಲಿ ಅದರ ಮಹಿಮೆ ಇಮ್ಮಡಿಸಿದೆ. ಗೋಡೆ ಹಿಡಿದು ಏಳುತ್ತಿದ್ದ ನಾನು ಈಗ ಒಂದು ತಾಸು ಪದ್ಮಾಸನದಲ್ಲಿ ಕುಳಿತು ಪೂಜೆ ಮುಗಿಸಿ, ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ಎರಡು ಸುತ್ತು ನಡೆದು ಬರುತ್ತೇನೆ. ನನ್ನೊಡನೆ ನಡೆಯುವ ಮುನಿಯಲ್ಲಪ್ಪನವರು ನಿನ್ನೆ ನನ್ನನ್ನು ತಡೆದು ನಿಲ್ಲಿಸಿದರು. “ಏನ್ ಮೇಷ್ಟ್ರೇ, ಕಾಲಿಗೆ ಮೋಟ್ರು ಕೂರಿಸ್ಕೊಂಡ್ರಾ? ಇಂಗೆ ಓಡಿದ್ರೆ ನಾವೆಂಗೆ ಬರಾದು?” ಎಂದರು. ನಾನು ಗದ್ದುಗೆಯ ದಿಕ್ಕಿಗೆ ಕೈಮುಗಿದೆ.

ಎಡಗಣ್ಣಿನ ಪೊರೆ ತೆಗೆಸಬೇಕೆಂದು ಬರೆದಿದ್ದೆನಲ್ಲ, ಅದು ತುಸು ಮುಂದಕ್ಕೆ ಹೋಗಿದೆ. ಕಣ್ಣಿನ ವೈದ್ಯರಿಗೆ ಬಿಡುವಿಲ್ಲವಂತೆ. ಬೇರೆ ವಿಶೇಷವಿಲ್ಲ.

ನಿನ್ನ ತಮ್ಮ
ವಿರೂಪಾಕ್ಷ

*

ಗುಳೇದಗುಡ್ಡ
೧೭ ಜುಲೈ ೨೦೨೪

ತಮ್ಮ ವಿರೂಪಾಕ್ಷನಿಗೆ ರತ್ನಕ್ಕನ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ನೀನು ಬರೆದದ್ದನ್ನು, ಎರಡನೆಯ ಸಲ ಬರೆಯದೆ ಬಿಟ್ಟದ್ದನ್ನು. ಕಣ್ಣಿನ ವೈದ್ಯರಿಗೆ ಬಿಡುವಿಲ್ಲವೆಂಬುದನ್ನು ಯಾರು ನಂಬುತ್ತಾರೆ? ಅವರು ದಿನಕ್ಕೆ ಇಪ್ಪತ್ತು ಕಣ್ಣು ಮಾಡುತ್ತಾರೆಂದು ನಿನ್ನ ಹಿಂದಿನ ಕಾಗದದಲ್ಲೇ ಇದೆ.

ನಿನಗೆ ಕತ್ತರಿಯ ಅಂಜಿಕೆ. ಎಂಟು ವರ್ಷದವನಿದ್ದಾಗ ಹಲ್ಲು ಕೀಳಿಸಲು ಅಪ್ಪ ಕರೆದರೆ ಮಗ್ಗದ ಕುಣಿಯಲ್ಲಿ ಇಳಿದು ಮಧ್ಯಾಹ್ನದ ತನಕ ಅಡಗಿದ್ದೆ. ನಾನೇ ಕೈ ಹಿಡಿದು ಮೇಲೆತ್ತಿದೆ. ಈಗ ನಿನಗೆ ಎಪ್ಪತ್ತೆರಡು. ಬೆಂಗಳೂರಿನ ಮನೆಯಲ್ಲಿ ಮಗ್ಗದ ಕುಣಿಯೂ ಇಲ್ಲ. ಸುಮ್ಮನೆ ಹೋಗಿ ಮಾಡಿಸಿಕೊಂಡು ಬಾ. ನಾನು ನೇಯ್ಗೆಯ ಊರಿನವಳು, ದಾರ ಎಲ್ಲಿ ಕಡಿದಿದೆಯೆಂದು ಬೆರಳಿನಿಂದಲೇ ತಿಳಿಯುತ್ತದೆ.

ಪ್ರಸಾದ ತೀರುವ ಮೊದಲೇ ತಿಳಿಸು. ನಡುವೆ ಬಿಡಬೇಡ.

ರತ್ನಕ್ಕ

*

ಪುಟ್ಟೇನಹಳ್ಳಿ
೩೦ ಜುಲೈ ೨೦೨೪, ಮಂಗಳವಾರ

ಪೂಜ್ಯ ಅಕ್ಕನ ಪಾದಗಳಿಗೆ ಶರಣಾರ್ಥಿಗಳು.

ನಿನ್ನ ಊಹೆ ಅರ್ಧ ನಿಜ. ನಾನು ಅಡಗಿದ್ದೆನೆಂಬುದು ಸತ್ಯ, ಆದರೆ ಕತ್ತರಿಗೆ ಅಂಜಿ ಅಲ್ಲ. ಈಗ ಅಪಾಯ ಕಳೆದಿರುವುದರಿಂದ ಎಲ್ಲವನ್ನೂ ಬರೆಯುವ ಧೈರ್ಯ ಬಂದಿದೆ.

ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ ವಾಡಿಕೆಯಂತೆ ರಕ್ತ ಪರೀಕ್ಷಿಸಿದರು. ಬಿಳಿಯ ರಕ್ತಕಣಗಳು ಹನ್ನೊಂದು ಸಾವಿರ ಮೀರಬಾರದಂತೆ, ನನ್ನಲ್ಲಿ ಮೂವತ್ತೊಂದು ಸಾವಿರ ಇದ್ದವು. ಮತ್ತೊಮ್ಮೆ ಎಣಿಸಿದರೂ ಅಷ್ಟೇ. ಹೆಬ್ಬಾಳದಲ್ಲಿ ರಕ್ತರೋಗದ ತಜ್ಞರಾದ ನಾಗಭೂಷಣರೆಂಬ ವೈದ್ಯರಿದ್ದಾರೆ. ಸ್ಮಿತಾ ಕಾಲೇಜಿನ ಕಚೇರಿಗೆ ರಜೆ ಹಾಕಿ ನನ್ನನ್ನು ಅವರಲ್ಲಿಗೆ ಕರೆದೊಯ್ದಳು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು:

“ಮೇಷ್ಟ್ರೇ, ಇರೋದು ಎರಡೇ ದಾರಿ. ಒಂದು, ರಕ್ತ ಹುಟ್ಟೋ ಜಾಗಾನೇ ಕೆಟ್ಟು ಬೇಡದೇ ಇದ್ರೂ ಕಣ ಮಾಡ್ತಾ ಕೂತಿದೆ, ಅಂದ್ರೆ ಒಂದು ಥರಾ ಬ್ಲಡ್ ಕ್ಯಾನ್ಸರ್. ಇನ್ನೊಂದು, ಏನೋ ತೊಂದರೆಗೆ ಮೈ ಜವಾಬು ಕೊಡ್ತಿದೆ. ಜೀನ್ ಪರೀಕ್ಷೆ ಇದ್ದೇ ಇದೆ, ಅದಕ್ಕೆ ಮುಂಚೆ ಒಂದು ಹಳೇ ಪರೀಕ್ಷೆ ಮಾಡಿಸೋಣ. ಈಗ ಮಾಡೋರು ಕಡಿಮೆ. ಯಲಹಂಕದ ಲ್ಯಾಬಲ್ಲಿ ರುಮಾನಾ ಅಂತ ಇದಾಳೆ, ಚೆನ್ನಾಗಿ ಓದ್ತಾಳೆ.”

ಆ ಪರೀಕ್ಷೆಯ ತತ್ತ್ವವನ್ನು ನಾನು ಗ್ರಹಿಸಿದ ಮಟ್ಟಿಗೆ ನಿನಗೆ ತಿಳಿಸುತ್ತೇನೆ. ಬಿಳಿಯ ಕಣದೊಳಗೆ ಫಾಸ್ಫಟೇಸ್ ಎಂಬ ಒಂದು ಕಿಣ್ವವಿರುತ್ತದೆ. ದೇಹವು ಯಾವುದೋ ಕಾರ್ಯಕ್ಕಾಗಿ ಹೊರಡಿಸಿದ ಕಣಗಳಲ್ಲಿ ಅದು ತುಂಬಿರುತ್ತದೆ. ಆ ರೋಗದಿಂದ ಹುಟ್ಟಿದ ಕಣಗಳು ನೋಡಲು ಒಂದೇ ಬಗೆಯಾಗಿದ್ದರೂ ಬಹುಮಟ್ಟಿಗೆ ಬರಿದಾಗಿರುತ್ತವೆ. ಬಣ್ಣ ಹಾಕಿದಾಗ ಕಿಣ್ವವಿದ್ದ ಕಣ ಮಾತ್ರ ಚುಕ್ಕೆಚುಕ್ಕೆಯಾಗಿ ನೀಲಿಗಟ್ಟುತ್ತದೆ.

ರುಮಾನಾ ಆರ್.ಟಿ. ನಗರದ ಹೆಣ್ಣುಮಗಳು, ಆರು ತಿಂಗಳ ಗರ್ಭಿಣಿ. ತಾಯಿಯೊಡನೆ ಫೋನಿನಲ್ಲಿ ದಖನಿ ಮಾತನಾಡಿ ಮುಗಿಸಿ, ಅದೇ ಉಸಿರಿನಲ್ಲಿ ನನ್ನತ್ತ ಕನ್ನಡಕ್ಕೆ ತಿರುಗಿದಳು.

“ತಾತಾ, ಬೆರಳು ಕೊಡಿ. ಟ್ಯೂಬಲ್ಲಿ ತಗೊಂಡ್ರೆ ಆಗಲ್ಲ, ಅದ್ರಲ್ಲಿರೋ ಕೆಮಿಕಲ್ಲು ಈ ಎನ್‌ಜೈಮನ್ನ ಸಾಯಿಸ್ಬಿಡುತ್ತೆ. ಬೆರಳಿಂದ ಸೀದಾ ಗಾಜಿಗೆ. ಮಾತ್ರೆ, ಕಷಾಯ, ಪುಡಿ, ನಾಟಿ ಔಷಧಿ, ಏನಾದ್ರೂ ತಗೊಳ್ತೀರಾ?”

“ಇಲ್ಲಮ್ಮಾ. ಜೀವಮಾನದಲ್ಲಿ ಮಾತ್ರೆ ಮುಟ್ಟಿದವನಲ್ಲ.”

“ಮಂಡಿಗೆ? ಈ ವಯಸ್ಸಲ್ಲಿ ಎಲ್ರೂ ಏನೋ ಒಂದು ತಗೊಳ್ತಾರೆ.”

“ಏನೂ ಇಲ್ಲ. ಶಿವನ ದಯೆ.”

“ಹಂಗಾದ್ರೆ ನಿಮ್ ಶಿವನ ಹೆಸ್ರನ್ನ ಫಾರಂನಲ್ಲಿ ಎಲ್ಲಿ ಬರೀಲಿ?” ಎಂದು ನಕ್ಕಳು. ನಾಗಭೂಷಣರೂ ಇದೇ ಪ್ರಶ್ನೆ ಕೇಳಿದ್ದರು, ಅವರಿಗೂ ಇದೇ ಉತ್ತರ ಕೊಟ್ಟಿದ್ದೆ.

ನನ್ನ ಗಾಜಿನ ಪಕ್ಕದಲ್ಲಿ ಇನ್ನೊಂದು ಗಾಜನ್ನಿಟ್ಟಳು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ತಾಳೆ ನೋಡಲು, ಕಿಣ್ವ ಹೆಚ್ಚಿರುವುದು ನಿಶ್ಚಯವಾದ ಒಬ್ಬರ ರಕ್ತ ಬೇಕಂತೆ. ಗರ್ಭಿಣಿಯರಲ್ಲಿ ಅದು ತಾನಾಗಿ ಹೆಚ್ಚುತ್ತದೆ. ಆದ್ದರಿಂದ ಈ ತಿಂಗಳುಗಳಲ್ಲಿ ಅವಳು ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಾಳೆ. “ನನ್ ಪಾಪು ಈಗ್ಲೇ ಡ್ಯೂಟಿಗೆ ಸೇರಿದೆ ತಾತಾ” ಎಂದಳು.

ನನ್ನ ಹಟಕ್ಕೆ ಮಣಿದು ಪಕ್ಕದಲ್ಲಿ ಕೂರಲು ಬಿಟ್ಟಳು. ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಣ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವುದು, ನೂರು ಕಣಗಳ ಅಂಕ ಕೂಡಿಸುವುದು, ಇದೇ ಪರೀಕ್ಷೆ. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಆ ದನಿ ಚಿರಪರಿಚಿತ. “ಎರಡು... ಮೂರು... ಎರಡು... ಒಂದು... ಓಹೋ, ಇದು ನಾಲ್ಕು.” ಅವಳ ಒಂದೊಂದು ಸಂಖ್ಯೆಗೂ ನಾನು ಒಳಗೇ ಪಂಚಾಕ್ಷರಿ ಜಪಿಸುತ್ತಿದ್ದೆ. ಇಪ್ಪತ್ತರಿಂದ ನೂರರವರೆಗೆ ಸಾಧಾರಣ, ತೀರ ಕೆಳಗಾದರೆ ಕೇಡು. ನನಗೆ ಬಂದದ್ದು ಇನ್ನೂರ ಹದಿನಾಲ್ಕು!

ನಾಗಭೂಷಣರು ಹಸನ್ಮುಖರಾಗಿ, “ಕ್ಯಾನ್ಸರ್ ಅಲ್ಲ ಅನ್ಸುತ್ತೆ ಮೇಷ್ಟ್ರೇ. ಔಷಧಿ ಏನೂ ಇಲ್ಲ ಅಂತೀರಿ, ಜ್ವರ ಇಲ್ಲ. ಎಲ್ಲೋ ಸಣ್ಣ ಸೋಂಕು ಇರ್ಬೇಕು. ಜೀನ್ ಪರೀಕ್ಷೆ ಈಗ್ಲೇ ಬೇಡ, ಮೂರು ತಿಂಗಳು ಬಿಟ್ಟು ನೋಡೋಣ” ಎಂದರು. ಬರುವ ದಾರಿಯಲ್ಲಿ ಸ್ಮಿತಾ ಯಲಹಂಕದ ಹೋಟೆಲಿನಲ್ಲಿ ನನಗೆ ಕೇಸರಿಬಾತು ಕೊಡಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು, ನಾನು ನೋಡಲಿಲ್ಲವೆಂಬಂತೆ ಇನ್ನೊಂದು ತಟ್ಟೆ ಕೇಳಿದೆ.

ಇದೆಲ್ಲ ಅಜ್ಜನ ಗದ್ದುಗೆಯ ರಕ್ಷೆ. ನಿನ್ನ ಪ್ರಸಾದವನ್ನು ಆ ದಿನಗಳಲ್ಲೆಲ್ಲ ಒಮ್ಮೆಯೂ ತಪ್ಪಿಸಲಿಲ್ಲ. ಚಿಂತೆಯ ದಿನಗಳಲ್ಲಿ ಎರಡು ಚಿಟಿಕೆ ತೆಗೆದುಕೊಂಡೆ.

ನಿನ್ನ
ವಿರೂಪಾಕ್ಷ

*

ಪುಟ್ಟೇನಹಳ್ಳಿ
೧೯ ಆಗಸ್ಟ್ ೨೦೨೪, ಸೋಮವಾರ

ಪೂಜ್ಯ ಅಕ್ಕನಿಗೆ ಶರಣಾರ್ಥಿಗಳು.

ಮೂರು ವಾರಗಳಾದರೂ ನಿನ್ನಿಂದ ಉತ್ತರವಿಲ್ಲ. ರೋಗದ ಸುದ್ದಿಯನ್ನು ಮುಚ್ಚಿಟ್ಟೆನೆಂದು ಮುನಿದಿರುವೆ ಎಂದು ನನಗೆ ಗೊತ್ತು. ನಿನ್ನ ಸೊಸೆಗೆ ಫೋನ್ ಮಾಡಿದರೆ, “ಅತ್ತಿಯವರು ಆರಾಮ ಇದ್ದಾರ್ರಿ ಮಾವಾ, ಒಂದಿಷ್ಟ್ ಮಾತು ಕಡಿಮಿ ಆಗ್ಯಾವ” ಎಂದಳು. ಶ್ರಾವಣ ಮುಗಿಯುವ ಮುನ್ನ ಮುನಿಸು ಬಿಡು. ಪ್ರಸಾದ ಇನ್ನು ಹತ್ತು ದಿನಗಳಿಗಾಗುವಷ್ಟಿದೆ.

ವಿರೂಪಾಕ್ಷ

*

ಗುಳೇದಗುಡ್ಡ
೨೨ ಆಗಸ್ಟ್ ೨೦೨೪, ಗುರುವಾರ

ತಮ್ಮಾ,

ಇದು ಅಂಚೆಗೆ ಕಾಯುವ ಕಾಗದವಲ್ಲ. ಬರೆದು ಮುಗಿದೊಡನೆ ಸೊಸೆ ಇದರ ಫೋಟೋ ತೆಗೆದು ಸ್ಮಿತಾಳ ಫೋನಿಗೆ ಕಳಿಸುತ್ತಾಳೆ. ಸ್ಮಿತಾ, ನೀನು ಮೊದಲು ಓದಿ ಅಪ್ಪನ ಡಾಕ್ಟರಿಗೆ ತೋರಿಸು, ಆಮೇಲೆ ಅಪ್ಪನಿಗೆ ಕೊಡು.

ನಾನು ಕಳಿಸುತ್ತಿದ್ದುದು ಪ್ರಸಾದವಲ್ಲ.

ಮೊದಲ ಎರಡು ವರ್ಷ ಪ್ರಸಾದವೇ. ಗದ್ದುಗೆಯ ಸೇವೆ ಮಾಡುತ್ತಿದ್ದ ಅಯ್ಯನವರು ಬೇರು ಕುಟ್ಟಿ ಮಾಡಿದ ಪುಡಿಯನ್ನು ವಿಭೂತಿಯೊಡನೆ ಕೊಡುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಕೊಡುವವರು ಯಾರೂ ಉಳಿಯಲಿಲ್ಲ. ಸೇವೆ ನಿಂತಿಲ್ಲವೆಂದು ನಿನಗೆ ಸುಳ್ಳು ಬರೆದೆ. ಬಸ್ ನಿಲ್ದಾಣದ ಹತ್ತಿರ ಒಬ್ಬನು ಸಂದುನೋವಿನ ಪುಡಿ ಮಾರುತ್ತಿದ್ದ. ಹೆಸರಿಲ್ಲ, ಚೀಟಿಯಿಲ್ಲ. ಓಣಿಯವರೆಲ್ಲ ಹೊಗಳಿದರು. ಅದನ್ನೇ ತಂದು, ಗದ್ದುಗೆಯ ಮುಂದೆ ಇಟ್ಟು, ಮೇಲೆ ವಿಭೂತಿ ಉದುರಿಸಿ ಪೊಟ್ಟಣ ಕಟ್ಟಿ ಕಳಿಸಿದೆ. ಔಷಧಿಯೆಂದರೆ ನೀನು ಮುಟ್ಟುವವನಲ್ಲ. ಗದ್ದುಗೆಯ ಮುಂದಿಟ್ಟದ್ದು ಪ್ರಸಾದವೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನ ದೊಡ್ಡ ಕಾಗದ ಓದಿದಾಗ ಸಂತೋಷದಿಂದ ಅತ್ತೆ. ಆಮೇಲೆ ಆ ಹೆಣ್ಣುಮಗಳು “ಪುಡಿ ತಗೊಳ್ತೀರಾ” ಎಂದು ಕೇಳಿದ್ದು, ನೀನು ಇಲ್ಲವೆಂದದ್ದು ಕಣ್ಣಿಗೆ ಬಿತ್ತು. ಅವರು ಸುಮ್ಮನೆ ಕೇಳಿರಲಿಕ್ಕಿಲ್ಲ ಅನ್ನಿಸಿತು. ನಾಲ್ಕು ಸಲ ಕಾಗದ ಬರೆದು ಹರಿದೆ. ನೀನು ಆರಾಮಿದ್ದೀ, ಅಂಕ ಚೆನ್ನಾಗಿ ಬಂದಿದೆ, ಯಾಕೆ ಕೆದಕಲಿ ಎಂದುಕೊಂಡೆ. ಹದಿನೈದು ದಿನ ಹಾಗೇ ಕಳೆದೆ. ಇವತ್ತು ಪುಡಿಯನ್ನು ಕಟ್ಟಿಕೊಂಡು ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರಬಾಯಿ ಮೂಸಿ ನೋಡಿ ಹೇಳಿದಳು:

“ಅಮ್ಮಾರ, ಇಂಥಾದ್ರಾಗ ಸ್ಟೀರಾಯ್ಡ್ ಬೆರಸಿರ್ತಾರ. ನೋವು ಗಪ್ ಆಗ್ತದ, ಖರೆ. ಆದ್ರ ರಕ್ತದಾಗಿನ ಬಿಳಿ ಕಣಾ ಏರ್ತಾವ, ನೀವು ಹೇಳೂ ಆ ಅಂಕಾನೂ ಏರ್ತದ. ಪುಡಿ ತಗೊಂಡಾಗ ಬಂದ ಅಂಕ ನಂಬೂ ಹಂಗಿಲ್ಲ. ಒಮ್ಮಿಗೇ ಬಿಡಸಬ್ಯಾಡ್ರಿ, ಅದೂ ಅಪಾಯ. ಅವರ ಡಾಕ್ಟರಿಗೆ ಇವತ್ತ ತಿಳಸ್ರಿ.”

ನಿನ್ನ ಇನ್ನೂರ ಹದಿನಾಲ್ಕು ನನ್ನ ಪುಡಿಯದೋ ನಿನ್ನ ಮೈಯದೋ ತಿಳಿಯದು. ಕೇಡು ಇದ್ದರೂ ಪುಡಿ ಅದನ್ನು ಮುಚ್ಚಿರಬಹುದು. ಇಷ್ಟೇ ನಾನು ಹೇಳಬೇಕಾದದ್ದು.

ರತ್ನಕ್ಕ

*

ಪುಟ್ಟೇನಹಳ್ಳಿ
೨೬ ಆಗಸ್ಟ್ ೨೦೨೪

ಶ್ರೀಮತಿ ರತ್ನಕ್ಕನವರಿಗೆ.

ತಮ್ಮ ಪತ್ರದ ಛಾಯಾಚಿತ್ರವು ತಲುಪಿದೆ. ಅದರಲ್ಲಿನ ವಿಷಯವನ್ನು ವೈದ್ಯರ ಗಮನಕ್ಕೆ ತರಲಾಗಿದೆ. ಪುಡಿಯನ್ನು ನಿಲ್ಲಿಸಿ, ಅದರ ಸ್ಥಾನದಲ್ಲಿ ಅಳತೆಯ ಮಾತ್ರೆಯನ್ನು ಕೊಟ್ಟು, ಆರು ವಾರಗಳಲ್ಲಿ ಹಂತಹಂತವಾಗಿ ಇಳಿಸಲಾಗುವುದು. ತದನಂತರ ಕಣಗಳ ಸಂಖ್ಯೆಯೂ ಅಂಕವೂ ಸಾಧಾರಣ ಮಟ್ಟಕ್ಕೆ ಇಳಿದರೆ ಸರಿ. ಕಣಗಳು ಇಳಿಯದೆ ಅಂಕ ಮಾತ್ರ ಇಳಿದರೆ ರೋಗವೆಂದು ತಿಳಿಯಬೇಕು.

ಪೊಟ್ಟಣ ಕಳಿಸುವ ಅಗತ್ಯವಿಲ್ಲ.

ವಿರೂಪಾಕ್ಷ

*

ಗುಳೇದಗುಡ್ಡ
೪ ಸೆಪ್ಟೆಂಬರ್ ೨೦೨೪

ತಮ್ಮ ವಿರೂಪಾಕ್ಷನಿಗೆ ಆಶೀರ್ವಾದ.

ನನ್ನನ್ನು ಶ್ರೀಮತಿ ಎಂದು ಕರೆದವರಲ್ಲಿ ನೀನು ಎರಡನೆಯವನು. ಮೊದಲನೆಯವನು ಕರೆಂಟ್ ಬಿಲ್ಲಿನವನು.

ಕ್ಷಮಿಸೆಂದು ಕೇಳುವುದಿಲ್ಲ. ನೀನು ಕ್ಷಮಿಸಿದರೂ ಬಿಟ್ಟರೂ ನಾನು ಮಾಡಿದ್ದು ಕಡಿಮೆಯಾಗುವುದಿಲ್ಲ. ಒಂದನ್ನು ಮಾತ್ರ ತಿಳಿ. ಎರಡು ವರ್ಷದ ಹಿಂದೆ ದಸರೆಗೆ ನಿನ್ನ ಮನೆಗೆ ಬಂದಿದ್ದೆ. ಬೆಳಿಗ್ಗೆ ನೀನು ಪೂಜೆಗೆ ಕೂರುವಾಗ ಬಾಗಿಲ ಸಂದಿಯಿಂದ ನೋಡಿದೆ. ಮಂಡಿ ಮಡಿಸಲು ಆಗದೆ, ನೀನು ಪಂಚೆಯ ಚುಂಗು ಹಲ್ಲಿನಲ್ಲಿ ಕಚ್ಚಿ, ಸದ್ದಾಗದಂತೆ ಕೂತೆ. ಅಂಗೈಯಲ್ಲಿ ಲಿಂಗ ಹಿಡಿದ ಕೈ ನಡುಗುತ್ತಿತ್ತು. ಸ್ಮಿತಾ ಕುರ್ಚಿ ತಂದರೆ ನೀನು ಬೈದು ಕಳಿಸಿದೆ. ಊರಿಗೆ ಬಂದ ಮರುದಿನವೇ ನಾನು ಬಸ್ ನಿಲ್ದಾಣಕ್ಕೆ ಹೋದೆ.

ಅಂಕ ಏನು ಬಂತು ಎಂಬುದೊಂದನ್ನು ತಿಳಿಸು. ಬೇರೇನೂ ಬರೆಯದಿದ್ದರೂ ಸರಿ.

ರತ್ನಕ್ಕ

*

(ಅಂಚೆ ಕಾರ್ಡು)

೧೮ ಸೆಪ್ಟೆಂಬರ್ ೨೦೨೪

ಅಕ್ಕಾ,
ಮಾತ್ರೆ ಅರ್ಧಕ್ಕೆ ಇಳಿದಿದೆ. ಬಿಳಿಯ ಕಣಗಳು ಹತ್ತೊಂಬತ್ತು ಸಾವಿರ. ಅಂಕ ಇನ್ನೂ ನೋಡಿಲ್ಲ. ಕೆರೆಗೆ ಹೋಗುವುದು ನಿಂತಿದೆ. ಊಟ, ನಿದ್ರೆ ಚೆನ್ನಾಗಿದೆ.
ವಿ.

*

ಪುಟ್ಟೇನಹಳ್ಳಿ
೯ ಅಕ್ಟೋಬರ್ ೨೦೨೪, ಬುಧವಾರ

ಪೂಜ್ಯ ರತ್ನಕ್ಕನ ಪಾದಗಳಿಗೆ ತಮ್ಮ ವಿರೂಪಾಕ್ಷನ ಅನಂತ ಶರಣಾರ್ಥಿಗಳು.

ಮೊದಲು ನೀನು ಕೇಳಿದ್ದನ್ನು ಹೇಳಿಬಿಡುತ್ತೇನೆ. ಬಿಳಿಯ ಕಣಗಳು ಒಂಬತ್ತು ಸಾವಿರದ ನಾನೂರು. ಅಂಕ ಎಪ್ಪತ್ತೊಂದು. ಎರಡೂ ಸಾಧಾರಣ. ನಾಗಭೂಷಣರು ನಿನ್ನೆ ಕಡತ ಮುಚ್ಚಿ, “ಕ್ಯಾನ್ಸರ್ ಇಲ್ಲ ಮೇಷ್ಟ್ರೇ. ಈ ಸಲ ‘ಅನ್ಸುತ್ತೆ’ ಅಂತ ಸೇರಿಸ್ತಿಲ್ಲ” ಎಂದರು. ಹೊರಗೆ ಬಂದ ಸ್ಮಿತಾ ಮೊದಲು ಮಾಡಿದ ಕೆಲಸ, ನಿನ್ನ ಸೊಸೆಗೆ ಫೋನ್ ಮಾಡಿದ್ದು. ಆದ್ದರಿಂದ ಈ ಸುದ್ದಿ ನಿನಗೆ ಆಗಲೇ ಮುಟ್ಟಿದೆ. ಆದರೂ ನನ್ನ ಕೈಯಿಂದ ಬರೆದು ಕಳಿಸುವುದು ನನ್ನ ಧರ್ಮ.

ರುಮಾನಾಳ ಪ್ರಸಂಗವನ್ನು ಮಾತ್ರ ಫೋನಿನಲ್ಲಿ ಯಾರೂ ಹೇಳಿರಲಾರರು. ಮುಂದಿನ ವಾರದಿಂದ ಅವಳಿಗೆ ಹೆರಿಗೆಯ ರಜೆ. ನಾನು ಬಾಗಿಲಲ್ಲಿ ಕಾಣುತ್ತಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬನ್ನಿ ತಾತಾ! ಮಾತ್ರೆ ಮುಟ್ಟದ ತಾತಾ! ಅವತ್ತು ಎರಡೆರಡು ಸಲ ಕೇಳಿದ್ನಲ್ಲ, ಪುಡಿ ಅಂತ ಹೆಸ್ರಿಟ್ಟೇ ಕೇಳಿದ್ನಲ್ಲ! ನೂರು ಸೆಲ್ ನೋಡಿ ನೋಡಿ ಕಣ್ಣು ಕಿತ್ಕೊಂಡಿದ್ದು ನಾನು.”

“ತಪ್ಪಾಯಿತಮ್ಮಾ. ಅದನ್ನು ಪ್ರಸಾದವೆಂದು ತಿಳಿದಿದ್ದೆ.”

ಅವಳ ಕೋಪ ಅರ್ಧಕ್ಕೆ ನಿಂತಿತು. “ನಮ್ಮಮ್ಮನ ಅಮ್ಮ, ನಮ್ ನಾನೀನೂ ಹಂಗೇ. ದರ್ಗಾದಿಂದ ತಂದಿದ್ನ ಔಷಧಿ ಅಂದ್ರೆ ಹೊಡೆಯೋಕ್ ಬರ್ತಾರೆ. ಅದಕ್ಕೇ ಇನ್ಮೇಲೆ ನಾನು ಕೇಳೋದೇ ಬೇರೆ ಥರ. ‘ದೇವ್ರಿಂದ ಏನಾದ್ರೂ ತಗೊಳ್ತೀರಾ’ ಅಂತ. ನಿಮ್ಮಿಂದ ಕಲ್ತಿದ್ದು ಕಣ್ರೀ ತಾತಾ. ಬೆರಳು ಕೊಡಿ.”

ಈ ಬಾರಿ ನೂರು ಕಣಗಳಿಗೆ ಹೆಚ್ಚಾಗಿ ಬಂದುದು ಒಂದು, ಸೊನ್ನೆ, ಒಂದು. ಮೊದಮೊದಲು ನನ್ನ ಪಂಚಾಕ್ಷರಿಯ ಎಣಿಕೆ ತಪ್ಪಿತು, ಕಡಿಮೆ ಅಂಕಕ್ಕೆ ಹಿಗ್ಗುವ ಅಭ್ಯಾಸ ನನಗಿಲ್ಲವಷ್ಟೆ. ಎಪ್ಪತ್ತೊಂದು ಎಂದು ಕೂಡಿಸಿದಾಗ ಅವಳೇ ಚಪ್ಪಾಳೆ ತಟ್ಟಿದಳು.

ಇನ್ನು ನಿನಗೆ ಹೇಳಬೇಕಾದ ಮಾತು. ಆಗಸ್ಟ್ ತಿಂಗಳಲ್ಲಿ ನಿನಗೆ ಆ ಒಣ ಪತ್ರ ಬರೆಯುವಾಗ ನಾನು ಧರ್ಮಪೀಠದಲ್ಲಿ ಕುಳಿತವನಂತೆ ಬರೆದೆ. ಆ ಪೀಠಕ್ಕೆ ನನಗೆ ಅರ್ಹತೆಯಿರಲಿಲ್ಲ. ಅಕ್ಕಾ, ಎರಡು ವರ್ಷಗಳ ಹಿಂದೆ ಪೊಟ್ಟಣದ ರುಚಿ ಬದಲಾದುದು ನನಗೆ ಮೊದಲ ದಿನವೇ ತಿಳಿದಿತ್ತು. ಹಿಂದಿನದು ಒಗರು, ಇದು ಕಹಿ. ಹಿಂದಿನದರಿಂದ ಮನಸ್ಸಿಗೆ ಸಮಾಧಾನ ಬರುತ್ತಿತ್ತು, ನೋವು ಹೋಗುತ್ತಿರಲಿಲ್ಲ. ಇದರಿಂದ ಮೂರನೆಯ ದಿನಕ್ಕೆ ನೋವು ಹೋಯಿತು. ಒಂದು ಸಾಲು ಬರೆದು ಕೇಳಬಹುದಾಗಿತ್ತು. ಕೇಳಿದರೆ ನೀನು ನಿಜ ಹೇಳುವೆ, ಹೇಳಿದರೆ ನಾನು ಬಿಡಬೇಕಾಗುತ್ತದೆ, ಬಿಟ್ಟರೆ ಮಂಡಿ ಮಡಿಸಲಾಗದು. ಇಷ್ಟನ್ನು ಕ್ಷಣದಲ್ಲಿ ಲೆಕ್ಕ ಹಾಕಿ ಮೌನವಾದೆ. ಅದನ್ನು ಮಹಿಮೆಯೆಂದು ನಿನಗೇ ಬರೆದೆ. ಲ್ಯಾಬಿನಲ್ಲಿ “ಪುಡಿ” ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು ಆ ಕಹಿಯೇ. ಆದರೂ ಶಿವನ ದಯೆಯೆಂದೆ. ನೀನು ಸುಳ್ಳು ಹೇಳಿದ್ದು ನನ್ನ ಪೂಜೆಗಾಗಿ. ನಾನು ಹೇಳಿದ್ದು ನನ್ನ ಮಂಡಿಗಾಗಿ, ಅದರಲ್ಲಿ ಶಿವನ ಹೆಸರನ್ನೂ ಎಳೆದುತಂದೆ. ಮೂರು ವಾರ ಉತ್ತರವಿಲ್ಲದಿದ್ದಾಗ ನೀನು ಮುನಿದಿರುವೆ ಎಂದುಕೊಂಡೆ. ನೀನು ಆ ದಿನಗಳಲ್ಲಿ ನಾಲ್ಕು ಕಾಗದ ಹರಿದೆ, ಐದನೆಯದನ್ನು ಕಳಿಸಿದೆ. ನಾನು ಎರಡು ವರ್ಷದಲ್ಲಿ ಒಂದನ್ನೂ ಬರೆಯಲಿಲ್ಲ.

ನೋವು ಮರಳಿ ಬಂದಿದೆ, ಹಳೆಯ ಬಾಡಿಗೆದಾರನಂತೆ ಎರಡೂ ಮಂಡಿಗಳಲ್ಲಿ ನೆಲೆಸಿದೆ. ಈ ನವರಾತ್ರಿಯ ಮೊದಲ ದಿನದಿಂದ ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡುತ್ತಿದ್ದೇನೆ. ಕುರ್ಚಿಯನ್ನು ನಾನೇ ಕೇಳಿ ತರಿಸಿಕೊಂಡೆ. ಸ್ಮಿತಾ ಅದರ ಮೇಲೊಂದು ಕಂಬಳಿ ಮಡಿಸಿ ಹಾಸಿದಳು. ಕೈ ನಡುಗುವುದಿಲ್ಲ, ದೃಷ್ಟಿ ಅಂಗೈಯಿಂದ ಅಲುಗುವುದಿಲ್ಲ. ಇಷ್ಟು ವರ್ಷ ನೆಲದ ಮೇಲೆ ಕೂತು ಮಂಡಿಯನ್ನು ಧ್ಯಾನಿಸಿದವನು ಈಗ ಶಿವನನ್ನು ಧ್ಯಾನಿಸುತ್ತಿದ್ದೇನೆಂದರೆ ನೀನು ನಗಬಾರದು.

ಕಣ್ಣಿನ ವೈದ್ಯರು ನವೆಂಬರ್ ಹನ್ನೊಂದನ್ನು ಗೊತ್ತುಮಾಡಿದ್ದಾರೆ. ನೀನು ದೀಪಾವಳಿಗೆ ಬಂದುಬಿಡು, ನನ್ನ ಕಣ್ಣಿನ ಕೆಲಸ ಮುಗಿಸಿಕೊಂಡೇ ಹೋಗುವೆಯಂತೆ. ಬಾಗಲಕೋಟೆಯಿಂದ ರೈಲು ಹತ್ತಿಸಲು ನಿನ್ನ ಮಗನಿಗೆ ಹೇಳಿದ್ದೇನೆ. ಯಶವಂತಪುರದ ನಿಲ್ದಾಣಕ್ಕೆ ಸ್ಮಿತಾಳೂ ನಾನೂ ಬರುತ್ತೇವೆ. ನಾನು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತಿರುತ್ತೇನೆ, ಎದ್ದು ಬರಲು ತಡವಾದರೆ ನೀನೇ ನಡೆದು ಬಾ.

ಮಂಡಿಗೆಂದು ನಾಗಭೂಷಣರು ಬೇರೊಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಇಂದು ಬೆಳಿಗ್ಗೆ ಪೂಜೆ ಮುಗಿಸಿ, ಜೇನಿಲ್ಲದೆ, ಬರಿಯ ನೀರಿನಲ್ಲಿ, ಔಷಧವೆಂದೇ ಅದನ್ನು ನುಂಗಿದೆ. ನೋವು ಅರ್ಧದಷ್ಟು ಇಳಿಯಿತು. ಉಳಿದರ್ಧಕ್ಕೆ ನೀನು ಬಂದು ಎಣ್ಣೆ ಹಚ್ಚು.

ನಿನ್ನ ತಮ್ಮ
ವಿರೂಪಾಕ್ಷ